ಬಲಕ್ಕೆ ತಿರುಗದ ಕಾರು

ದಾವಣಗೆರೆಯಿಂದ ಜಗಳೂರಿಗೆ ಹೋಗುವ ಬಸ್ಸು ಹತ್ತಿದರೆ ನಡುವೆ ನಮ್ಮ ಊರು ಬಿಳಿಚೋಡು ಸಿಗುತ್ತದೆ. ಜಗಳೂರು ತಾಲ್ಲೂಕಿನ ಒಂದು ಹೋಬಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಎಷ್ಟೋ ತಿಂಗಳು ಕೈತಪ್ಪಿ ಹಳೆಯ ಜಿಲ್ಲೆಯ ಹೆಸರನ್ನೇ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಹಾಕುತ್ತಿದ್ದೆ.

ನಮ್ಮದು ಬಯಲುಸೀಮೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುತ್ತಾರೆ. ನಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕಾಡಿದೆ. ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ಅದನ್ನು ವನ್ಯಧಾಮ ಎಂದು ಘೋಷಿಸಿದರು. ನೋಡಲು ಬರುವವರು ಅಲ್ಲಿಗೆ ಹೋಗುತ್ತಾರೆ. ಬಿಳಿಚೋಡನ್ನೇ ನೋಡಬೇಕೆಂದು ಬಂದವರನ್ನು ನಾನಂತೂ ಕಂಡಿಲ್ಲ.

ಆದರೆ ಹೋದ ಬೇಸಿಗೆಯಲ್ಲಿ ನಾನೇ ನನ್ನ ಊರನ್ನು ಹೊಸದಾಗಿ ನೋಡಿದೆ. ಎಪ್ಪತ್ತು ದಾಟಿದ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಕಣ್ಣಿಟ್ಟು ನೋಡಿದೆ. ಹಾಗೆ ನೋಡಿಸಿದ್ದು ಒಂದು ರಿಮೋಟ್ ಕಾರು.

ದಾವಣಗೆರೆಯಲ್ಲಿ ಒಂಬತ್ತನೇ ತರಗತಿ ಓದುವ ನನ್ನ ಮೊಮ್ಮಗ ರಜೆಗೆ ಬಂದಾಗ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದ. ನಿಜವಾದ ಗಾಡಿಯ ಹತ್ತನೇ ಒಂದರ ಅಳತೆ, ದಪ್ಪ ಚಕ್ರ, ಎರಡು ಕೆಜಿ ತೂಕ. ಎಂಜಿನಿಯರಿಂಗ್ ಓದು ಮುಗಿಸಿದ ಹುಡುಗನೊಬ್ಬನಿಂದ ಹಳೆಯದನ್ನು ಕೊಂಡಿದ್ದ. ಅದಕ್ಕಾಗಿ ಎಂಟು ತಿಂಗಳು ಕೈಖರ್ಚಿನ ದುಡ್ಡು ಉಳಿಸಿದ್ದನಂತೆ. ನಮ್ಮ ಬೀದಿಯ ಸಿಮೆಂಟ್ ರಸ್ತೆಯಲ್ಲಿ ಬಿಟ್ಟ. ಕೋಳಿಗಳು ದಿಕ್ಕಾಪಾಲಾದವು. ಎಡಕ್ಕೆ ಚೆನ್ನಾಗಿ ತಿರುಗಿತು. ಬಲಕ್ಕೆ ತಿರುಗಿಸಿದರೆ ಮಾತ್ರ ಕರಕರ ಸದ್ದು ಮಾಡಿ ನೇರ ಹೋಗಿ ಚರಂಡಿಗೆ ಬಿತ್ತು.

"ಅಜ್ಜ, ಸರ್ವೊ ಹೋಗೇತಿ" ಅಂದ.

ಸರ್ವೊ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ನನ್ನಂಥ ಅಜ್ಜಂದಿರಿಗಾಗಿ ಹೇಳುತ್ತೇನೆ. ಅದು ಎರಡು ಬೆಂಕಿಪೆಟ್ಟಿಗೆ ಒಂದರ ಮೇಲೊಂದು ಇಟ್ಟಷ್ಟು ದೊಡ್ಡ ಕಪ್ಪು ಡಬ್ಬಿ. ಉದ್ದ ಸುಮಾರು 4 ಸೆಂ.ಮೀ., ಅಗಲ 2 ಸೆಂ.ಮೀ. ಕಾರಿನ ಮುಂದಿನ ಚಕ್ರಗಳನ್ನು ತಿರುಗಿಸುವುದು ಅದರ ಕೆಲಸ. ಒಳಗೆ ಒಂದು ಪುಟ್ಟ ಮೋಟಾರು, ಅದರ ವೇಗ ಇಳಿಸಿ ಬಲ ಹೆಚ್ಚಿಸುವ ಹಲ್ಲಿನ ಚಕ್ರಗಳು, ಒಂದು ಸಣ್ಣ ಸರ್ಕ್ಯೂಟು ಮತ್ತು ಹಳೆಯ ರೇಡಿಯೊದಲ್ಲಿ ದನಿ ಏರಿಸಿ ಇಳಿಸಲು ಇರುತ್ತಿತ್ತಲ್ಲ, ಅಂಥದೇ ಒಂದು ತಿರುಪು. ಹೊರಗೆ ಒಂದು ಕೈ. ಆ ಕೈಗೆ ಸಲಾಕೆ, ಸಲಾಕೆಗೆ ಚಕ್ರ.

ರಿಮೋಟಿನಿಂದ ಹುಕುಂ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಬರುತ್ತದೆ. ಪ್ರತಿ ಹುಕುಮೂ ಒಂದು ಚಿಕ್ಕ ವಿದ್ಯುತ್ ಮಿಡಿತ. ಮಿಡಿತ ಸೆಕೆಂಡಿನ ಸಾವಿರದ ಒಂದೂವರೆ ಭಾಗದಷ್ಟು ಉದ್ದವಿದ್ದರೆ 'ನೇರ' ಎಂದು ಅರ್ಥ. ಒಂದು ಭಾಗಕ್ಕೆ ಇಳಿದರೆ ಒಂದು ಬದಿ, ಎರಡು ಭಾಗಕ್ಕೆ ಏರಿದರೆ ಇನ್ನೊಂದು ಬದಿ. ಕೈ ಈಗ ಎಲ್ಲಿದೆ ಎಂಬುದನ್ನು ಒಳಗಿನ ತಿರುಪು ಹೇಳುತ್ತದೆ. ಹುಕುಮಿಗೂ ಕೈ ಇರುವ ಜಾಗಕ್ಕೂ ವ್ಯತ್ಯಾಸವಿದ್ದರೆ ಮೋಟಾರು ತಿರುಗುತ್ತದೆ. ವ್ಯತ್ಯಾಸ ಸೊನ್ನೆ ಆದಾಗ ನಿಲ್ಲುತ್ತದೆ.

ಮೊಮ್ಮಗ ಇಷ್ಟು ಹೇಳುತ್ತಿದ್ದಂತೆ ನನಗೆ ನಗು ಬಂತು. ಇದು ನಾನು ಬ್ಯಾಂಕಿನಲ್ಲಿ ದಿನಾ ಸಂಜೆ ಮಾಡುತ್ತಿದ್ದ ಕೆಲಸವೇ. ಪುಸ್ತಕದಲ್ಲಿ ಇರಬೇಕಾದ ನಗದು ಒಂದು, ಪೆಟ್ಟಿಗೆಯಲ್ಲಿರುವ ನಗದು ಇನ್ನೊಂದು. ಎರಡೂ ತಾಳೆಯಾಗುವವರೆಗೆ ಮನೆಗೆ ಹೋಗುವಂತಿಲ್ಲ. ತಾಳೆಯಾಗದಿದ್ದರೆ ತಲೆ ಬಿಸಿ. ಸರ್ವೊಗೂ ಹಾಗೇ. ಮುಟ್ಟಬೇಕಾದ ಜಾಗ ಮುಟ್ಟಲು ಆಗದಿದ್ದರೆ ಗುಂಯ್ ಎನ್ನುತ್ತಾ ತಳ್ಳುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ.

ಹೆಸರಿನ ಕಥೆಯನ್ನೂ ಅವನೇ ಹೇಳಿದ. 'ಸರ್ವಸ್' ಅಂದರೆ ಲ್ಯಾಟಿನ್ ಭಾಷೆಯಲ್ಲಿ ಆಳು. ಫ್ರಾನ್ಸಿನ ಎಂಜಿನಿಯರ್ ಜೋಸೆಫ್ ಫಾರ್ಕೊ 1873ರಲ್ಲಿ ತನ್ನ ಪುಸ್ತಕದಲ್ಲಿ 'ಸರ್ವೊ ಮೋಟಾರ್' ಎಂಬ ಮಾತು ಬಳಸಿದ. ಅದು ಉಗಿಹಡಗಿನ ಭಾರಿ ಚುಕ್ಕಾಣಿಯನ್ನು ತಿರುಗಿಸುವ ಯಂತ್ರದ ಮಾತು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದ. ಹಡಗಿಗೂ ದೋಣಿಗೂ ಬೇಕಾದ ವಿದ್ಯೆ ಕೊನೆಗೆ ನೀರಿಗೆ ತತ್ವಾರವಿರುವ ನಮ್ಮ ಊರಿಗೂ ಬಂತು ಎಂದುಕೊಂಡೆ.

ಡಬ್ಬಿ ಬಿಚ್ಚಿದಾಗ ರೋಗ ಕಂಡಿತು. ಒಳಗಿನ ಪ್ಲಾಸ್ಟಿಕ್ ಚಕ್ರದ ನಾಲ್ಕು ಹಲ್ಲು ಒಂದು ಬದಿಯಲ್ಲಿ ಸವೆದು ಬಿದ್ದಿದ್ದವು. ಹೊಸ ಸರ್ವೊ ತರಬೇಕು. ಮರುದಿನ ಅಜ್ಜ ಮೊಮ್ಮಗ ಇಬ್ಬರೂ ಬಸ್ಸು ಹತ್ತಿ ದಾವಣಗೆರೆಗೆ ಹೋದೆವು.

ಇಲ್ಲಿಂದ ಮುಂದೆ ನನ್ನ ತಪ್ಪಿನ ಕಥೆ.

ಅಂಗಡಿಯಲ್ಲಿ ಎರಡು ಸರ್ವೊ ಇದ್ದವು. ಎರಡೂ ಒಂದೇ ಅಳತೆ. ಒಂದು ಪ್ಲಾಸ್ಟಿಕ್ ಹಲ್ಲಿನದು, 190 ರೂಪಾಯಿ. ಇನ್ನೊಂದು ಲೋಹದ ಹಲ್ಲಿನದು, 420 ರೂಪಾಯಿ. ಮೊಮ್ಮಗನ ಕಣ್ಣು ಎರಡನೆಯದರ ಮೇಲಿತ್ತು. ದುಡ್ಡು ಅವನ ಜೇಬಿನಲ್ಲೇ ಇತ್ತು. ನನಗೆ ಮೂವತ್ತಾರು ವರ್ಷದ ಅಭ್ಯಾಸ. ಬ್ಯಾಂಕಿಗೆ ಕುರ್ಚಿ ಬೇಕಾದರೂ ಬೀಗ ಬೇಕಾದರೂ ಮೂರು ದರಪಟ್ಟಿ ತರಿಸಿ ಕಡಿಮೆಯದಕ್ಕೆ ಟಿಕ್ ಹಾಕುವುದು. "ಎರಡೂ ತಿರುಗ್ತಾವೆ. 230 ರೂಪಾಯಿ ಯಾಕೆ ನೀರಿಗೆ ಹಾಕ್ತೀಯ?" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಆಯ್ತು ಅಜ್ಜ" ಅಂದ.

ಮನೆಗೆ ಬಂದು ಜೋಡಿಸಿದ್ದೂ ನಾನೇ. ಅವನು ಏನೋ ಹೇಳಲು ಬಂದ. "ನಾನು ಸೈಕಲ್ ರಿಪೇರಿ ಮಾಡಿದವನು ಕಣೋ" ಎಂದು ಕೈಯನ್ನು ಒತ್ತಿ ಸ್ಕ್ರೂ ಬಿಗಿದೆ.

ಎರಡು ದಿನ ಸಿಮೆಂಟ್ ರಸ್ತೆಯಲ್ಲಿ ಓಡಿತು. ಮೂರನೆಯ ದಿನ ಬೀದಿಯ ಆರೇಳು ಹುಡುಗರನ್ನು ಕರೆದುಕೊಂಡು ನಮ್ಮ ಹೊಲಕ್ಕೆ ಹೋದ. ಅಶ್ವಿನಿ ಮಳೆ ಒಂದು ಹದ ಬಿದ್ದು ಹೊಲ ಉತ್ತಿದ್ದರು. ದಾವಣಗೆರೆಯಿಂದ ಅವನ ಗೆಳೆಯನೊಬ್ಬನೂ ತನ್ನ ಕಾರು ತಂದಿದ್ದ. ಬೇವಿನ ಮರ ಸುತ್ತಿ ಬರುವ ಪಂದ್ಯ. ನಮ್ಮ ಕಾರು ಮಣ್ಣಿಗೆ ಇಳಿದು ಹತ್ತು ಮಾರು ಹೋಗಿರಬಹುದು. ಗುಂಯ್ ಎಂದಿತು, ಸುಟ್ಟ ವಾಸನೆ ಬಂತು, ಚಕ್ರ ಹಾಗೇ ನಿಂತಿತು. ಹುಡುಗರು ಹೋ ಎಂದು ನಕ್ಕರು. ಮೊಮ್ಮಗ ಕಾರನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ನನಗೆ ಒಂದು ಮಾತೂ ಹೇಳಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅವನು ಅಜ್ಜಿಗೆ ಹೇಳುತ್ತಿದ್ದುದು ಪಡಸಾಲೆಯಲ್ಲಿದ್ದ ನನಗೆ ಕೇಳಿಸಿತು. "ಅಜ್ಜನ ಮುಂದೆ ಹೇಳಬ್ಯಾಡ ಅಜ್ಜಿ. ಬೇಜಾರ್ ಮಾಡ್ಕೊಂತಾರೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಟ್ಟಿದ್ದು 190 ರೂಪಾಯಿಯ ಡಬ್ಬಿ. ಆದರೆ ಎಂಟು ತಿಂಗಳು ದುಡ್ಡು ಕೂಡಿಟ್ಟ ಹುಡುಗನ ಆಯ್ಕೆಯನ್ನು ನಾನು ಕಿತ್ತುಕೊಂಡಿದ್ದೆ. ಅವನು ಅದನ್ನೂ ನನ್ನಿಂದ ಮುಚ್ಚಿಡಲು ನೋಡುತ್ತಿದ್ದ.

ಇನ್ನೊಂದು ಮಾತು ನೆನಪಾಯಿತು. ಬೆಳೆ ಸಾಲಕ್ಕೆ ಅರ್ಜಿ ಬಂದಾಗ ನಮ್ಮ ಹಳೆಯ ಮ್ಯಾನೇಜರರೊಬ್ಬರು ನನ್ನನ್ನು ಕರೆದುಕೊಂಡು ಹೊಲಕ್ಕೇ ಹೋಗುತ್ತಿದ್ದರು. ಕೆಂಪು ಮಸಾರಿಯೋ, ಎರೆಯೋ, ಬಾವಿ ಇದೆಯೋ ಇಲ್ಲವೋ, ಎಲ್ಲ ನೋಡಿ ಆಮೇಲೆ ಸಾಲದ ಅಂಕಿ ಬರೆಯುತ್ತಿದ್ದರು. ಮೊದಲು ಹೊಲ, ಆಮೇಲೆ ಅಂಕಿ. ಸರ್ವೊ ವಿಷಯದಲ್ಲಿ ನಾನು ಹೊಲ ನೋಡದೆಯೇ ಅಂಕಿಗೆ ಟಿಕ್ ಹಾಕಿದ್ದೆ.

ಬೆಳಗ್ಗೆ ಮೊಮ್ಮಗನನ್ನು ಕರೆದೆ. "ಮರಿ, ನಡಿ, ಹೊಲ ನೋಡ್ಕೊಂಡು ಬರೋಣ. ಸ್ಪ್ರಿಂಗ್ ತಕ್ಕಡಿ ತಗೋ" ಅಂದೆ. ಹುಣಸೆಹಣ್ಣು ತೂಗಲು ನಮ್ಮ ಮನೆಯಲ್ಲಿ ಕೊಕ್ಕೆಯ ತಕ್ಕಡಿ ಒಂದಿದೆ. ಚಕ್ರ ತಿರುಗಿಸುವ ಸಲಾಕೆಗೆ ಅದರ ಕೊಕ್ಕೆ ಸಿಕ್ಕಿಸಿ ಎಳೆಯುವುದು, ಎಷ್ಟು ಕೆಜಿ ಬಲ ಹಾಕಿದಾಗ ಚಕ್ರ ತಿರುಗುತ್ತದೆ ಎಂದು ಬರೆದುಕೊಳ್ಳುವುದು. ನಾನು ನೆಲಕ್ಕೆ ಮಂಡಿಯೂರಿ ಕೂತೆ. ಆಗಲೇ ನನ್ನ ಊರನ್ನು ಒಂದು ಗೇಣು ಎತ್ತರದಿಂದ ನೋಡಿದ್ದು.

ಸಿಮೆಂಟ್ ರಸ್ತೆಯಲ್ಲಿ ತಕ್ಕಡಿಯ ಮುಳ್ಳು ಒಂದು ಕೆಜಿಯನ್ನೂ ಮುಟ್ಟಲಿಲ್ಲ. ಊರ ಹೊರಗಿನ ಗರಸಿನ ದಾರಿಯಲ್ಲಿ ಒಂದೂವರೆ ಆಯಿತು. ನಮಗೆ ಸಮತಟ್ಟು ಎನಿಸುವ ದಾರಿ ಆ ಕಾರಿಗೆ ಬಂಡೆಗಳ ಬೆಟ್ಟ. ಕೆಂಪು ಮಸಾರಿಯಲ್ಲಿ ಎರಡು. ಉತ್ತ ಹೊಲದಲ್ಲಿ ಎರಡು ಹೆಂಟೆಗಳ ನಡುವೆ ಚಕ್ರ ಸಿಕ್ಕಿಕೊಂಡಾಗ ಮೂರು ಕೆಜಿ. ಹೆಂಟೆಯ ಬುಡದಲ್ಲಿ ಒಂದು ಇರುವೆ ಸಾಲು ಹೊರಟಿತ್ತು. ಐವತ್ತು ವರ್ಷ ಈ ಹೊಲದಲ್ಲಿ ಓಡಾಡಿದ್ದೇನೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅವನು ಲೆಕ್ಕ ಮಾಡಿದ. ಸರ್ವೊ ಬಲವನ್ನು 'ಕೆಜಿ-ಸೆಂ.ಮೀ.' ಎಂದು ಅಳೆಯುತ್ತಾರೆ. ಒಂದು ಸೆಂ.ಮೀ. ಉದ್ದದ ಕೈಯ ತುದಿಯಲ್ಲಿ ಎಷ್ಟು ಕೆಜಿ ಎತ್ತಬಲ್ಲದು ಎಂಬ ಅಳತೆ. ಕೈ ಉದ್ದವಾದಷ್ಟೂ ಎತ್ತುವ ತೂಕ ಕಡಿಮೆ. ನಮ್ಮ ಕಾರಿನ ಕೈ ಒಂದೂವರೆ ಸೆಂ.ಮೀ. ಬೇಕಾದ ಬಲ ಮೂರು ಕೆಜಿ. ಗುಣಿಸಿದರೆ ನಾಲ್ಕೂವರೆ. ತಿಣುಕದೆ ಕೆಲಸ ಮಾಡಲು ಅದರ ಎರಡರಷ್ಟು ಇರಲಿ ಎಂದರೆ ಒಂಬತ್ತು. ನಾನು ಕೊಡಿಸಿದ್ದರ ಡಬ್ಬಿಯ ಮೇಲೆ ಬರೆದಿದ್ದುದು ಮೂರು! ಸಿಮೆಂಟ್ ರಸ್ತೆಗೆ ಸಾಕಿತ್ತು, ಬಿಳಿಚೋಡಿನ ಹೊಲಕ್ಕೆ ಸಾಲಲಿಲ್ಲ.

"ಇನ್ನೊಂದು ಐತಿ ಅಜ್ಜ" ಎಂದು ಅನುಮಾನಿಸುತ್ತಾ ಹೇಳಿದ. "ಕೈ ಹಾಕೋಕೆ ಮುಂಚೆ ಕರೆಂಟ್ ಕೊಟ್ಟು ಸರ್ವೊನ ನಡುಮಧ್ಯಕ್ಕೆ ತರಬೇಕಿತ್ತು. ನಾವು ಓರೆ ಹಾಕಿದ್ವಿ. ಚಕ್ರ ಎಡಕ್ಕೆ ಪೂರ್ತಿ ತಿರುಗಿ ನಿಂತ ಮೇಲೂ ಅದು ತಳ್ತಾನೇ ಇತ್ತು." ಅವನು 'ನಾವು' ಅಂದ. ಹಾಕಿದ್ದು ನಾನು.

ದಾವಣಗೆರೆಯ ಅಂಗಡಿಗೆ ಫೋನ್ ಮಾಡಿದರೆ ಲೋಹದ ಹಲ್ಲಿನದು ಖರ್ಚಾಗಿತ್ತು. ಮುಂದಿನ ವಾರ ಬೆಂಗಳೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಹೇಗೂ ಹೋಗಬೇಕು, ಮೊಮ್ಮಗನನ್ನೂ ಹೊರಡಿಸಿದೆ. ದಾವಣಗೆರೆಯಲ್ಲಿ ರೈಲು ಹತ್ತಿದೆವು. ಬೀರೂರು, ಕಡೂರು ಹೋಯಿತು. ಅರಸೀಕೆರೆ ದಾಟಿ ಕಿಟಕಿಯ ಎರಡೂ ಬದಿ ತೆಂಗಿನ ತೋಟ ಬರುವಾಗ ಧೈರ್ಯ ಮಾಡಿ ಹೇಳಿದೆ. "ಮರಿ, ಅವತ್ತು ಅಂಗಡೀಲಿ ನಿನ್ನ ಮಾತು ಕೇಳಬೇಕಿತ್ತು. ತಪ್ಪು ನನ್ನದು." ಅವನು ಕಿಟಕಿಯ ಕಡೆಯೇ ನೋಡುತ್ತಾ, "ಇರಲಿ ಬಿಡಿ ಅಜ್ಜ" ಅಂದ. ಸ್ವಲ್ಪ ಹೊತ್ತಿಗೆ ತಾನಾಗಿಯೇ ನೋಟ್‌ಬುಕ್ ತೆಗೆದು, ಅಂಗಡಿಯಲ್ಲಿ ಕೇಳಬೇಕಾದ ಐದು ಪ್ರಶ್ನೆ ತೋರಿಸಿದ.

ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆ, ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರುವಾಸಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ನಗರತ್‌ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಕೇಳುತ್ತಾ ನಡೆದೆವು. ತಳ್ಳುಗಾಡಿ, ಸ್ಕೂಟರು, ತಲೆಯ ಮೇಲೆ ಪೆಟ್ಟಿಗೆ ಹೊತ್ತ ಹಮಾಲರು. ವೈರು, ಬಲ್ಬು, ಕಂಪ್ಯೂಟರಿನ ಬಿಡಿಭಾಗ, ಬಟಾಣಿ ಕಾಳಿನಷ್ಟು ಮೋಟಾರು. ನಮ್ಮ ಸಂತೆಯಲ್ಲಿ ಮೆಣಸಿನಕಾಯಿ ರಾಶಿ ಹಾಕಿದಂತೆ ಇಲ್ಲಿ ಸ್ವಿಚ್ಚುಗಳನ್ನು ರಾಶಿ ಹಾಕಿದ್ದರು.

ನಾವು ಹೋದ ಅಂಗಡಿಯಾತ ಮೂರು ಬಗೆ ಮುಂದಿಟ್ಟ. ಒಂದು ನೀಲಿ ಬಣ್ಣದ ಪುಟಾಣಿ, 'ಎಸ್‌ಜಿ90'. ತೂಕ 9 ಗ್ರಾಂ, ಬಲ ಎರಡು ಕೆಜಿಗಿಂತ ಸ್ವಲ್ಪ ಕಡಿಮೆ. ಶಾಲೆಯ ವಿಜ್ಞಾನ ಮಾದರಿಗೆ, ಹಗುರ ವಿಮಾನಕ್ಕೆ ಒಳ್ಳೆಯದು, ನಮಗಲ್ಲ. ಎರಡನೆಯದು 'ಎಂಜಿ996ಆರ್'. 55 ಗ್ರಾಂ, ಲೋಹದ ಹಲ್ಲು. 4.8 ವೋಲ್ಟಿನಲ್ಲಿ 9.4, 6 ವೋಲ್ಟಿನಲ್ಲಿ 11 ಕೆಜಿ-ಸೆಂ.ಮೀ. ಎಂದು ಬರೆದಿತ್ತು. ಬೆಲೆ 380. ಮೂರನೆಯದು ಲೋಹದ ಮೈಯ 25 ಕೆಜಿಯದು, 1,100 ರೂಪಾಯಿ.

ಮೊಮ್ಮಗನ ಕೈ ಮೂರನೆಯದಕ್ಕೆ ಹೋಯಿತು. ನಾನು ಬಾಯಿ ಬಿಡಲಿಲ್ಲ. ಕಷ್ಟಪಟ್ಟು ಬಿಗಿಹಿಡಿದೆ.

ಅವನು ಪ್ರಶ್ನೆ ಶುರುಮಾಡಿದ. ಮೊದಲನೆಯದು ಬಲ ಮತ್ತು ವೋಲ್ಟು. 25 ಕೆಜಿ ಎಷ್ಟು ವೋಲ್ಟಿಗೆ? 6.8ಕ್ಕೆ. ನಮ್ಮ ಕಾರಿನ ಸ್ಪೀಡ್ ಕಂಟ್ರೋಲರ್ ಸರ್ವೊಗೆ ಕೊಡುವುದು 5 ವೋಲ್ಟ್ ಮಾತ್ರ. "ಹಾಗಾದ್ರೆ ಅಷ್ಟು ಬಲ ಸಿಗಲ್ಲಪ್ಪ. ಕೊಟ್ಟ ದುಡ್ಡು ಪೂರ್ತಿ ದುಡಿಯಲ್ಲ" ಎಂದ ಅಂಗಡಿಯಾತ. ಎರಡನೆಯದು ಕರೆಂಟು. ಸರ್ವೊ ಸಿಕ್ಕಿಕೊಂಡಾಗ ಎಷ್ಟು ಆಂಪಿಯರ್ ಎಳೆಯುತ್ತದೆ? ಕಂಟ್ರೋಲರ್ ಕೊಡುವುದಕ್ಕಿಂತ ಹೆಚ್ಚು ಎಳೆದರೆ ರಿಸೀವರಿಗೆ ಕ್ಷಣಕಾಲ ಕರೆಂಟು ಸಾಲದೆ ಕಾರು ಯಾರ ಮಾತೂ ಕೇಳದೆ ಓಡಬಹುದು. ನಮ್ಮದು 3 ಆಂಪಿಯರ್ ಕೊಡುತ್ತದೆ. ಎರಡನೆಯ ಸರ್ವೊ ಎಳೆಯುವುದು ಸುಮಾರು 2.5. ಮೂರನೆಯದು ಅಳತೆ, ಹಳೆಯ ಜಾಗದಲ್ಲಿ ಕೂರುತ್ತದೆಯೆ? ನಾಲ್ಕನೆಯದು ಕೈ ಕೂರುವ ಹಲ್ಲಿನ ಸಂಖ್ಯೆ. ಸರ್ವೊಗಳಲ್ಲಿ 23, 24, 25 ಹಲ್ಲು ಎಂದು ಬೇರೆ ಬೇರೆ ಇವೆ. ನಮ್ಮ ಕಾರಿನ ಕೈಯೂ 25, ಸರ್ವೊ ಹಲ್ಲೂ 25.

ಅವನು ಮೂರನೆಯ ಡಬ್ಬಿಯನ್ನು ತಾನಾಗಿಯೇ ಹಿಂದಕ್ಕೆ ಸರಿಸಿದ. ದುಬಾರಿಯದೂ ತಪ್ಪಾಗಬಹುದು ಎಂಬುದನ್ನು ನಾನು ಹೇಳಬೇಕಾಗಿರಲಿಲ್ಲ.

ಐದನೆಯ ಪ್ರಶ್ನೆ ಅಂಗಡಿಯಾತನಿಗೂ ಹಿಡಿಸಿತು. "ನಾಲ್ಕು ಪೀಸ್ ತೆಗೀರಿ, ಪರೀಕ್ಷೆ ಮಾಡಿ ಒಂದು ತಗೊಂತೀನಿ." ಈ ಹೆಸರಿನ ಸರ್ವೊಗಳನ್ನು ಹಲವರು ನಕಲು ಮಾಡುತ್ತಾರೆ. ಡಬ್ಬಿಯ ಮೇಲಿನ ಅಂಕಿ ಒಂದೇ ಇರುತ್ತದೆ, ಒಳಗಿನ ಸಾಮಾನು ಒಂದೇ ಇರುವುದಿಲ್ಲ. ಅಂಗಡಿಯಲ್ಲಿ ಸರ್ವೊ ತಿರುಗಿಸಿ ನೋಡುವ ಪುಟ್ಟ ಸಾಧನವಿತ್ತು. ಒಂದು ಪೀಸು ನಡುವೆ ನಿಂತಾಗ ಸುಮ್ಮನಿರದೆ ನಡುಗುತ್ತಿತ್ತು. ಇನ್ನೊಂದು ಎಡಕ್ಕೆ ಹೋಗಿ ಬಂದರೆ ಒಂದು ಕಡೆ, ಬಲಕ್ಕೆ ಹೋಗಿ ಬಂದರೆ ಇನ್ನೊಂದು ಕಡೆ ನಿಲ್ಲುತ್ತಿತ್ತು. ಅಂಥದ್ದಿದ್ದರೆ ಕಾರು ನೇರ ಹೋಗುವುದಿಲ್ಲ. ಉಳಿದ ಎರಡರ ಕೈಯನ್ನು ಬೆರಳಲ್ಲಿ ಮೆಲ್ಲಗೆ ಅಲುಗಿಸಿ, ಸಡಿಲು ಕಡಿಮೆ ಇದ್ದದ್ದನ್ನು ಆರಿಸಿದ. ನನ್ನ ಕೌಂಟರಿನಲ್ಲಿ ನೋಟಿನ ನೀರುಗುರುತನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ನನ್ನ ಮುಖ ಹಾಗೇ ಇದ್ದಿರಬೇಕು.

ನಾನು ಪರ್ಸು ತೆಗೆದೆ. "ಬ್ಯಾಡ ಅಜ್ಜ, ನನ್ನ ಹತ್ರ ಐತಿ" ಎಂದ. "190 ನಿಂದು, 190 ನಂದು. ನಂದು ಹೋದ ಸಲದ ದಂಡ" ಎಂದೆ. ಅಂಗಡಿಯಾತ ನಕ್ಕ. ಮೊಮ್ಮಗನೂ ನಕ್ಕ. ಹೊಲದಿಂದ ಬಂದ ಮೇಲೆ ಅವನು ಹಾಗೆ ನಕ್ಕಿರಲಿಲ್ಲ.

ಊರಿಗೆ ಬಂದು ಸರ್ವೊವನ್ನು ಜಗಲಿಯ ಬೆಂಚಿನ ಅಂಚಿಗೆ ಸ್ಕ್ರೂ ಹಾಕಿ ಭದ್ರ ಮಾಡಿದೆವು. 2 ಸೆಂ.ಮೀ. ದೂರದ ತೂತಿಗೆ ತಂತಿ ಕಟ್ಟಿ ನೀರಿನ ಕ್ಯಾನು ತೂಗುಹಾಕಿದೆವು. ಒಂದು ಲೀಟರ್ ನೀರು ಒಂದು ಕೆಜಿ, ಆದ್ದರಿಂದ ಲೆಕ್ಕ ಸುಲಭ. ಮೂರು ಲೀಟರ್ ಸಲೀಸಾಗಿ ಎತ್ತಿತು, ಅಂದರೆ 6 ಕೆಜಿ-ಸೆಂ.ಮೀ. ನಾಲ್ಕು ಲೀಟರಿಗೆ ತಿಣುಕಿತು, ಆದರೂ ಎತ್ತಿತು. ಐದಕ್ಕೆ ಆಗಲಿಲ್ಲ, ತಕ್ಷಣ ಕರೆಂಟು ತೆಗೆದೆವು. ಡಬ್ಬಿ ಹೇಳಿದ್ದು 9.4, ನಮ್ಮ ಕ್ಯಾನು ಹೇಳಿದ್ದು 8. ಹೊಲ ಕೇಳುವುದು ನಾಲ್ಕೂವರೆ. ಸಾಕು.

ಮಕ್ಕಳೇ, ನೀವೂ ಈ ಪರೀಕ್ಷೆ ಮಾಡಬಹುದು. ಆದರೆ ಕ್ಯಾನಿನ ಕೆಳಗೆ ಕಾಲು ಇಡಬೇಡಿ, ಎತ್ತಲಾರದೆ ಗುಂಯ್‌ಗುಟ್ಟುವ ಸರ್ವೊಗೆ ಕರೆಂಟು ಕೊಡುತ್ತಾ ನಿಲ್ಲಬೇಡಿ. ಹಾಗೆ ಮಾಡಿಯೇ ನಾವು ಒಂದನ್ನು ಸುಟ್ಟದ್ದು.

ಈ ಸಲ ಜೋಡಿಸಿದ್ದು ಅವನು. ನಾನು ಟಾರ್ಚ್ ಹಿಡಿದೆ. ಮೊದಲು ರಿಮೋಟ್ ಚಾಲೂ ಮಾಡಿ ಸರ್ವೊವನ್ನು ನಡುವಿಗೆ ತಂದ, ಆಮೇಲೆ ಕೈ ಹಾಕಿದ. ಚಕ್ರ ಕೊನೆ ಮುಟ್ಟಿದ ಮೇಲೆ ಸರ್ವೊ ತಳ್ಳದಂತೆ ರಿಮೋಟಿನಲ್ಲಿ ಮಿತಿ ಇಟ್ಟ. ಡಿಕ್ಕಿಯಾದಾಗ ಪೆಟ್ಟು ಹಲ್ಲಿಗೆ ತಾಗದಂತೆ ತಡೆಯುವ ಸ್ಪ್ರಿಂಗಿನ ಭಾಗವನ್ನು ಒರೆಸಿ, ಅಲುಗುತ್ತದೆಯೇ ಎಂದು ನೋಡಿದ.

ಸಂಜೆ ಹೊಲಕ್ಕೆ ಹೋದೆವು. ಅದೇ ಹುಡುಗರು ಬಂದಿದ್ದರು. ಕಾರು ಬದುವಿನ ಮೇಲಿಂದ ಮಸಾರಿಗೆ ಇಳಿಯಿತು, ಹೆಂಟೆಗಳ ನಡುವೆ ಎದ್ದು ಬಿದ್ದು ಹೋಯಿತು, ಬೇವಿನ ಮರದ ಹತ್ತಿರ ಬಲಕ್ಕೆ ತಿರುಗಿತು. ಪೂರ್ತಿ ಸುತ್ತು ಹಾಕಿ ಕೆಂಪು ಧೂಳು ಮೆತ್ತಿಕೊಂಡು ನಮ್ಮ ಕಾಲ ಬಳಿ ಬಂದು ನಿಂತಿತು.

"ಅಜ್ಜ, ಈಗ ನೀವು ಓಡಿಸ್ರಿ" ಎಂದು ರಿಮೋಟು ಕೈಗಿಟ್ಟ. ನಾನು ಅರ್ಧ ನಿಮಿಷದಲ್ಲಿ ಬೇವಿನ ಮರಕ್ಕೇ ಗುದ್ದಿಸಿದೆ. ಹುಡುಗರು ಹೋ ಎಂದು ನಕ್ಕರು. ಈ ಸಲ ನಕ್ಕಿದ್ದು ನನ್ನನ್ನು ನೋಡಿ. ಮೊಮ್ಮಗ ಓಡಿಹೋಗಿ ಕಾರನ್ನು ಎತ್ತಿ ಚಕ್ರ ಎಡಕ್ಕೆ ಬಲಕ್ಕೆ ಆಡಿಸಿ, "ಏನೂ ಆಗಿಲ್ಲ ಅಜ್ಜ!" ಎಂದು ಅಲ್ಲಿಂದಲೇ ಕೂಗಿದ.

ಸುಟ್ಟ ಸರ್ವೊವನ್ನು ನಾನು ಎಸೆದಿಲ್ಲ. ನನ್ನ ಹಳೆಯ ಪೆನ್ನು, ಬ್ಯಾಂಕಿನ ಗುರುತಿನ ಚೀಟಿ ಇರುವ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುಂದಿನ ರಜೆಗೆ ಮೊಮ್ಮಗ ಬಂದಾಗ ಯಾವುದಕ್ಕಾದರೂ ನಾನು ನೋಡದೆ ಟಿಕ್ ಹಾಕಲು ಹೊರಟರೆ, ಅದನ್ನು ತೆಗೆದು ನನ್ನ ಮುಂದೆ ಇಡುವಂತೆ ಅವನಿಗೆ ಹೇಳಿದ್ದೇನೆ.